ವೋಲ್ಟೇಜ್ ಇಲ್ಲ ಅಂತ ಬೈಯುವ ಮೊದಲು ವಯರನ್ನೊಮ್ಮೆ ಅಳೆಯಿರಿ

ಮಾರ್ಚ್ ಬಂತೆಂದರೆ ಸಿದ್ಧಕಟ್ಟೆ ಕಡೆಯ ಅಡಿಕೆ ತೋಟಗಳಲ್ಲಿ ಒಂದೇ ಮಾತು: ವೋಲ್ಟೇಜ್ ಇಲ್ಲ, ಪಂಪು ನೀರು ಎತ್ತುವುದಿಲ್ಲ, ಕಾಯಿಲ್ ಹೋಯ್ತು. ಲೈನಿನಲ್ಲಿ ವೋಲ್ಟೇಜ್ ಕಮ್ಮಿ ಇರುವುದು ಸುಳ್ಳಲ್ಲ. ಆದರೆ ಅರ್ಧದಷ್ಟು ತೋಟಗಳಲ್ಲಿ ಕಳ್ಳ ಇರುವುದು ಮೀಟರ್ ಬೋರ್ಡಿನಿಂದ ಈಚೆಗೆ, ನಾವೇ ಎಳೆದ ವಯರಿನಲ್ಲಿ ಅಂತ ನನ್ನ ಅಭಿಪ್ರಾಯ.

ಮೊನ್ನೆ ಒಂದು ತೋಟದಲ್ಲಿ ಅಳೆದ ಲೆಕ್ಕ ಹೇಳುತ್ತೇನೆ. ಸಿಂಗಲ್ ಫೇಸ್, 2 ಎಚ್‌ಪಿ. ಬೋರ್ಡಿನಿಂದ ಕೆರೆಗೆ 180 ಮೀಟರ್, 2.5 ಸ್ಕ್ವೇರ್ ಎಂಎಂ ತಾಮ್ರದ ವಯರು. ಪಂಪು ಓಡುವಾಗ ಬೋರ್ಡಿನಲ್ಲಿ 215 ವೋಲ್ಟ್, ಕೆರೆ ಬದಿಯ ಸ್ಟಾರ್ಟರಿನಲ್ಲಿ 174. ಕ್ಲ್ಯಾಂಪ್ ಮೀಟರಿನಲ್ಲಿ 12.5 ಆಂಪಿಯರ್. ದಾರಿಯಲ್ಲೇ 41 ವೋಲ್ಟ್ ಮಾಯ! 41ನ್ನು 12.5ರಿಂದ ಭಾಗಿಸಿ, ಸುಮಾರು 3.3 ಓಮ್. ಅದು ವಯರಿನ ರೆಸಿಸ್ಟೆನ್ಸ್. 41ನ್ನು 12.5ರಿಂದ ಗುಣಿಸಿ, 512 ವಾಟ್. ಅಷ್ಟು ಪವರು ತೋಟದುದ್ದಕ್ಕೂ ವಯರನ್ನು ಬಿಸಿ ಮಾಡಲಿಕ್ಕೆ ಹೋಗ್ತಾ ಉಂಟು. ಅಡಿಕೆ ಮರಕ್ಕೆ ಅದರಿಂದ ಎಂತ ಲಾಭ?

ಇನ್ನೂ ಒಂದು ವಿಷಯ ಉಂಟು. ಈ ವಯರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಲಿಕ್ಕೊಂದು ಬರಲಿಕ್ಕೊಂದು, ಒಟ್ಟು 360 ಮೀಟರಿಗೆ 2.7 ಓಮ್ ಬರಬೇಕು. ಹೆಚ್ಚು ಬಂದ 0.6 ಎಲ್ಲಿಂದ? ಹುಡುಕಿದರೆ ಮಧ್ಯದಲ್ಲಿ ಕೈಯಲ್ಲೇ ತಿರುಚಿ ಟೇಪು ಸುತ್ತಿದ ಒಂದು ಜಾಯಿಂಟು, ಟೇಪು ಕರಗಿ ಕಪ್ಪಾಗಿತ್ತು. ಅಲ್ಲೊಂದೇ ಕಡೆ 90 ವಾಟಿನ ಮೇಲೆ ಶಾಖ. ಬೇಸಿಗೆಯ ಒಣ ಸೋಗೆ ಅದರ ಮೇಲೆ ಬಿದ್ದರೆ ಗತಿ ಹೇಳಬೇಕೇ?

ಅದೇ ದೂರಕ್ಕೆ 6 ಸ್ಕ್ವೇರ್ ಎಂಎಂ ಹಾಕಿದರೆ ರೆಸಿಸ್ಟೆನ್ಸ್ 1.1 ಓಮಿನ ಹತ್ತಿರ. ನಷ್ಟ 14 ವೋಲ್ಟ್ ಅಷ್ಟೇ, ಮೋಟಾರಿಗೆ 200 ಸಿಗುತ್ತದೆ. ಅಲ್ಯೂಮಿನಿಯಂ ಆದರೆ ಅದೇ ದಪ್ಪಕ್ಕೆ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ, ಹಾಗಾಗಿ ಇನ್ನೂ ದಪ್ಪದ್ದು ಬೇಕು.

"10 ಎಚ್‌ಪಿವರೆಗೆ ಬಿಲ್ಲೇ ಇಲ್ಲವಲ್ಲ, ಹೋದರೆ ಹೋಗ್ಲಿ" ಅನ್ನುವವರಿದ್ದಾರೆ. ಕರೆಂಟು ಫ್ರೀ ಇರಬಹುದು ಮಾರಾಯ್ರೆ, ರಿವೈಂಡಿಂಗ್ ಫ್ರೀ ಅಲ್ಲ. ಓಡುವ ಮೋಟಾರಿಗೆ ವೋಲ್ಟೇಜ್ ಇಳಿದರೆ ಅದೇ ಭಾರ ಎಳೆಯಲಿಕ್ಕೆ ಕರೆಂಟು ಜಾಸ್ತಿ ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ಕಾಯಿಲಿನ ಶಾಖ ನಾಲ್ಕು ಪಟ್ಟು. ಸ್ಟಾರ್ಟ್ ಆಗುವಾಗಲಂತೂ ನಾಲ್ಕೈದು ಪಟ್ಟು ಕರೆಂಟು ಬೇಕು, ಸಪೂರ ವಯರು ಅದನ್ನು ಬಿಡುವುದಿಲ್ಲ, ಪಂಪು ಗುಂಯ್ ಅಂತ ಅಲ್ಲೇ ನಿಲ್ಲುತ್ತದೆ. ಆಗ ಕಂಡೆನ್ಸರ್ ಬದಲಿಸಿ ಪ್ರಯೋಜನ ಇಲ್ಲ.

ಈ ಭಾಗಾಕಾರವನ್ನು ಮೋಟಾರಿಗೇ ಮಾಡಲಿಕ್ಕೆ ಹೋಗಬೇಡಿ. ನಿಂತ ಮೋಟಾರಿನ ಕಾಯಿಲ್ ಮೀಟರಿನಲ್ಲಿ 2 ಓಮ್ ತೋರಿಸಿದರೆ 230ಕ್ಕೆ 115 ಆಂಪಿಯರ್ ಅಂತ ಲೆಕ್ಕ ಬರುತ್ತದೆ, ನಿಜದಲ್ಲಿ ಹಾಗೆ ಎಳೆಯುವುದಿಲ್ಲ. ಎಸಿಯಲ್ಲಿ ಕಾಯಿಲಿನ ತಡೆಯೇ ಬೇರೆ, ತಿರುಗುವಾಗ ಮೋಟಾರು ಎದುರು ವೋಲ್ಟೇಜನ್ನೂ ಹುಟ್ಟಿಸುತ್ತದೆ. ತ್ರೀ ಫೇಸಿನವರಿಗೆ ಲೆಕ್ಕ ಸ್ವಲ್ಪ ಬೇರೆ: ಒಂದು ವಯರಿನ ರೆಸಿಸ್ಟೆನ್ಸನ್ನು ಕರೆಂಟಿನಿಂದಲೂ 1.73ರಿಂದಲೂ ಗುಣಿಸಿದರೆ ದಾರಿಯಲ್ಲಿ ಬೀಳುವ ವೋಲ್ಟ್.

ಅಳೆಯುವ ಕೆಲಸ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ, ಒದ್ದೆ ನೆಲದಲ್ಲಿ ನೀವು ಕೈ ಹಾಕಬೇಡಿ. ಎರಡೂ ಕಡೆ ಪಂಪು ಓಡುತ್ತಿರುವಾಗಲೇ ನೋಡಬೇಕು, ನಿಂತಾಗ ಎರಡೂ ಕಡೆ ಒಂದೇ ತೋರಿಸುತ್ತದೆ. ಕ್ಲ್ಯಾಂಪಿನೊಳಗೆ ಒಂದೇ ವಯರು ಇರಲಿ. ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ಬರುತ್ತದೆ.