ಸಮವೇದನೆಯ ಸಂಗೀತ

ಶಾಸ್ತ್ರೀಯ ಸಂಗೀತವು ಗುಡಿಯ ಸೊತ್ತು, ಚಲಚ್ಚಿತ್ರ ಸಂಗೀತವು ಸಂತೆಯ ಸರಕು ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಒಂದಕ್ಕೆ ಕೈಮುಗಿದು ದೂರ ನಿಲ್ಲುತ್ತೇವೆ. ಇನ್ನೊಂದನ್ನು ದಿನವೂ ಕೇಳುತ್ತಿದ್ದರೂ ಗೌರವಿಸುವುದಿಲ್ಲ. ಎರಡರಿಂದಲೂ ನಷ್ಟ ನಮಗೇ. ಈ ಭೇದವೆಷ್ಟು ಪೊಳ್ಳೆಂಬುದನ್ನು ತಮ್ಮ ಕೃತಿಯಿಂದಲೇ ತೋರಿಸಿಕೊಟ್ಟವರು, 2024ರ ಜೂನ್ 11ರಂದು ಮೈಸೂರಿನಲ್ಲಿ ನಿಧನರಾದ ಸರೋದ್ ವಾದಕ ಪಂಡಿತ ರಾಜೀವ ತಾರಾನಾಥರು.

ಬೀದರ ಸೀಮೆಯವರಾದ ನಮಗೆ ಅವರು ಹೊರಗಿನವರಲ್ಲ. ಅವರ ತಂದೆ ಪಂಡಿತ ತಾರಾನಾಥರು, ನಮ್ಮ ನಾಡು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1920ರಲ್ಲಿ ರಾಯಚೂರಿನಲ್ಲಿ ಕಟ್ಟಿದ ಶಾಲೆಯ ಹೆಸರು ‘ಹಮ್‌ದರ್ದ್’. ಆ ಮಾತಿನ ಅರ್ಥವನ್ನು ಮನ್ನಳ್ಳಿಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರರ ನೋವನ್ನು ತನ್ನದೆಂದು ಅನುಭವಿಸುವವನು ಹಮ್‌ದರ್ದ್.

1932ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಜನಿಸಿದ ರಾಜೀವರಿಗೆ ತಂದೆಯೇ ಮೊದಲ ಗುರು. ತಾರುಣ್ಯದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದನ್ನು ಕೇಳಿ ಮನಸೋತು, ಕಲ್ಕತ್ತೆಗೆ ತೆರಳಿ ಅವರ ಶಿಷ್ಯರಾದರು. ಸಾಹಿತ್ಯವನ್ನೂ ಬಿಡಲಿಲ್ಲ. ಎಲಿಯಟ್‌ನ ಕಾವ್ಯಪ್ರತಿಮೆಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹೈದರಾಬಾದಿನಲ್ಲಿಯೂ ದೂರದ ಏಡನ್ನಿನಲ್ಲಿಯೂ ಇಂಗ್ಲಿಷ್ ಕಲಿಸಿದರು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯದ ಕಲಾಸಂಸ್ಥೆಯಲ್ಲಿ ಸಂಗೀತ ಬೋಧಿಸಿದರು. ಪದ್ಮಶ್ರೀ ಬಂದದ್ದು 2019ರಲ್ಲಿ.

ಇಂಥವರು 1970ರಲ್ಲಿ ‘ಸಂಸ್ಕಾರ’ಕ್ಕೂ, ಬಳಿಕ ಲಂಕೇಶರ ‘ಪಲ್ಲವಿ’ಗೂ, ಮಲೆಯಾಳದಲ್ಲಿ ಅರವಿಂದನ್ ಅವರ ‘ಕಾಂಚನಸೀತ’ಕ್ಕೂ ಸಂಗೀತ ನೀಡಿದರು. ಅದು ವಿದ್ವಾಂಸನೊಬ್ಬ ಸಂತೆಗೆ ಇಳಿದದ್ದಲ್ಲ. ಸರೋದಿನ ಲೋಹದ ಪಟ್ಟಿಯ ಮೇಲೆ ಮೆಟ್ಟಿಲುಗಳಿಲ್ಲ. ಉಗುರು ತಂತಿಯ ಮೇಲೆ ಜಾರುತ್ತ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುತ್ತದೆ. ಮಾತಿಗೆ ಸಿಕ್ಕದ ಮನಸ್ಸಿನ ತೊಳಲಾಟವನ್ನು ಹಿಡಿಯಲು ಇದಕ್ಕಿಂತ ತಕ್ಕ ವಾದ್ಯ ಯಾವುದು? ಅರವಿಂದನ್ ಅವರ ‘ಪೋಕ್ಕುವೆಯಿಲ್’ ಚಿತ್ರದಲ್ಲಂತೂ ಹರಿಪ್ರಸಾದ ಚೌರಾಸಿಯಾ ಅವರ ಕೊಳಲು ಮತ್ತು ರಾಜೀವರ ಸರೋದಿನ ಸಂಗೀತವನ್ನು ಅನುಸರಿಸಿ ದೃಶ್ಯಗಳು ರೂಪುಗೊಂಡವು. ಅಲ್ಲಿ ಸಂಗೀತವು ಸೇವಕನಲ್ಲ, ಸಹಕರ್ತೃ.

ಜಪಾನಿನ ತೋರು ತಾಕೆಮಿತ್ಸು (1930–1996) ನಡೆದದ್ದೂ ಇದೇ ದಾರಿ. 1967ರಲ್ಲಿ ಬೀವಾ ಎಂಬ ತಂತಿವಾದ್ಯವನ್ನೂ ಶಾಕುಹಾಚಿ ಎಂಬ ಬಿದಿರು ಕೊಳಲನ್ನೂ ಪಾಶ್ಚಾತ್ಯ ವಾದ್ಯವೃಂದದ ಎದುರು ನಿಲ್ಲಿಸಿದ ಆ ಗಂಭೀರ ರಚನಕಾರನೇ, ಕುರೊಸಾವಾನ ‘ರಾನ್’ (1985) ಚಿತ್ರಕ್ಕೂ ಸಂಗೀತ ಬರೆದ. ಕೋಟೆ ಉರಿಯುವ ಭೀಕರ ಕದನದಲ್ಲಿ ಕತ್ತಿಯ ಸದ್ದೂ ಆಕ್ರಂದನವೂ ಅಡಗಿ, ಶೋಕಸಂಗೀತವೊಂದೇ ಕೇಳುತ್ತದೆ. ಕೊಲ್ಲುವವರ ಪರವಾಗಿಯೂ ಅಲ್ಲದೆ, ಗೆಲ್ಲುವವರ ಪರವಾಗಿಯೂ ಅಲ್ಲದೆ, ಅದು ಸಾಯುವವರ ಪರವಾಗಿ ಮರುಗುತ್ತದೆ. ಅದೂ ಹಮ್‌ದರ್ದಿಯೇ.

ನಮ್ಮ ತರಗತಿಗಳಲ್ಲಿ ‘ಸಂಸ್ಕಾರ’ ಕಾದಂಬರಿಯ ಚರ್ಚೆಗೆ ಕೊರತೆಯಿಲ್ಲ. ಪ್ರಾಣೇಶಾಚಾರ್ಯರ ದ್ವಂದ್ವವನ್ನು ಕುರಿತು ವಿದ್ಯಾರ್ಥಿಗಳು ಪುಟಗಟ್ಟಲೆ ಬರೆಯುತ್ತಾರೆ. ಆದರೆ ಅದೇ ದ್ವಂದ್ವಕ್ಕೆ ನಾದದಲ್ಲಿ ರೂಪ ಕೊಟ್ಟವರು ಯಾರೆಂದು ಕೇಳಿದರೆ ಮೌನ. ಅಪರಾಧ ಅವರದಲ್ಲ, ಕಣ್ಣಿಗೆ ಪಾಠ ಹೇಳಿ ಕಿವಿಯನ್ನು ಮರೆತ ಅಧ್ಯಾಪಕರಾದ ನಮ್ಮದು. ರಸವೆಂಬ ಮಾತನ್ನು ನಾಟ್ಯಶಾಸ್ತ್ರದಿಂದಲೇ ಪಡೆದ ನಾವು, ಗೀತವಾದ್ಯಗಳನ್ನು ಕಾವ್ಯಮೀಮಾಂಸೆಯಿಂದ ಹೊರಗಿಟ್ಟದ್ದು ವಿಚಿತ್ರವೇ ಸರಿ.

ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳ ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ಕಾದಂಬರಿಯನ್ನು ಓದಿಸಿ, ಚಿತ್ರವನ್ನು ತೋರಿಸಿ, ಬಳಿಕ ದೀಪವಾರಿಸಿ ಸಂಗೀತವನ್ನಷ್ಟೇ ಕೇಳಿಸಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ಕೋಣೆ, ಒಂದು ಸಂಜೆ, ಮಾತನಾಡದೆ ಕೂರುವ ತಾಳ್ಮೆ ಸಾಕು. ತಂದೆ ಶಾಲೆಗೆ ಇಟ್ಟ ಹೆಸರನ್ನು ಮಗ ತಂತಿಯ ಮೇಲೆ ನುಡಿಸಿದರು. ಅದನ್ನು ಕೇಳಿಸಿಕೊಳ್ಳುವ ಕಿವಿಗಳನ್ನು ಸಿದ್ಧಪಡಿಸುವ ಹೊಣೆ ಈಗ ನಮ್ಮ ಮೇಲಿದೆ.