ಚುಕ್ಕಿ ಇಲ್ಲದ ‘ಐ’

ಟರ್ಕಿ ಭಾಷೆಯಲ್ಲಿ ‘ಉತ್ತರ’ ಎಂಬುದಕ್ಕೆ ಇರುವ ಪದವನ್ನು ಸಿ, ಇ, ವಿ, ಎ, ಪಿ ಎಂಬ ಐದು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಇಂಗ್ಲಿಷ್ ಓದಿದ ನಾವು ಅದನ್ನು ‘ಸೆವಾಪ್’ ಎಂದೇ ಓದುತ್ತೇವೆ. ಅವರು ಓದುವುದು ‘ಜೆವಾಪ್’. ಈಗ ಗುರುತು ಸಿಕ್ಕಿತಲ್ಲವೇ? ನಮ್ಮ ‘ಜವಾಬು’! ಅರಬ್ಬಿಯಿಂದ ಹೊರಟ ಪದ ಬೇರೆ ಬೇರೆ ದಾರಿ ಹಿಡಿದು ಅವರಲ್ಲಿಗೂ ಬಂತು, ನಮ್ಮಲ್ಲಿಗೂ ಬಂತು.

ಅಲ್ಲಿ ‘ಸಿ’ ಎಂದರೆ ಜ. ಅದರ ಕೆಳಗೊಂದು ಪುಟ್ಟ ಬಾಲ ಹಚ್ಚಿದರೆ ಚ. ‘ಎಸ್’ಗೆ ಅದೇ ಬಾಲ ಬಂದರೆ ಶ. ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದೇ ಉಚ್ಚಾರ. ಇಂಗ್ಲಿಷಿನಂತೆ ಸ್ಪೆಲ್ಲಿಂಗ್ ಉರು ಹೊಡೆಯುವ ಕಷ್ಟವಿಲ್ಲ.

1928ರವರೆಗೆ ಟರ್ಕಿ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಆ ಭಾಷೆಗೆ ಎಂಟು ಸ್ವರಗಳು. ಅರಬ್ಬಿ ಲಿಪಿಯಲ್ಲಿ ಸ್ವರಾಕ್ಷರಗಳು ಬೆರಳೆಣಿಕೆಯಷ್ಟು. ಮುಸ್ತಫಾ ಕೆಮಾಲ್ ಆ ವರ್ಷದ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನ ಗುಲ್ಹಾನೆ ಉದ್ಯಾನದಲ್ಲಿ ಹೊಸ ಅಕ್ಷರಗಳ ಸುದ್ದಿ ಹೇಳಿದರು. ನವೆಂಬರ್ 1ರಂದು ಕಾನೂನೇ ಆಯಿತು. 29 ಅಕ್ಷರಗಳು. 1929ರ ಜನವರಿಯಿಂದ ಪುಸ್ತಕಗಳೆಲ್ಲ ಅದರಲ್ಲೇ ಅಚ್ಚಾಗಬೇಕು! ಓದು ಕಲಿಯುವುದು ಸುಲಭವಾಯಿತು, ನಿಜ. ಆದರೆ ಅಜ್ಜ ಬರೆದಿಟ್ಟ ಕಾಗದವನ್ನು ಮೊಮ್ಮಗ ಓದಲಾರದಂತಾಯಿತು. ಈ ನಷ್ಟ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಸ್ವರಗಳಿಗೆ ಬರೋಣ. ಮಕ್ಕಳೇ, ಕನ್ನಡಿಯ ಮುಂದೆ ನಿಂತು ಒಂದು ಪ್ರಯೋಗ ಮಾಡಿ. ಖರ್ಚಿಲ್ಲದ ಪ್ರಯೋಗ. ‘ಉ’ ಎನ್ನಿ. ನಾಲಿಗೆಯನ್ನು ಅಲ್ಲೇ ಇಟ್ಟು, ತುಟಿಗಳನ್ನು ಮಾತ್ರ ‘ಇ’ ಎನ್ನುವಾಗಿನಂತೆ ಅಗಲಿಸಿ. ಹೊರಟ ಧ್ವನಿಯೇ ಚುಕ್ಕಿ ಇಲ್ಲದ ‘ಐ’. ಈಗ ತಿರುಗುಮುರುಗು: ‘ಇ’ ಎನ್ನುತ್ತಾ ತುಟಿ ದುಂಡಗೆ ಮಾಡಿ. ಅದು ಮೇಲೆ ಎರಡು ಚುಕ್ಕಿ ಇರುವ ‘ಯು’. ‘ಎ’ ಎನ್ನುತ್ತಾ ದುಂಡಗೆ ಮಾಡಿದರೆ ಎರಡು ಚುಕ್ಕಿಯ ‘ಓ’. ಈ ಮೂರಕ್ಕೂ ಕನ್ನಡದಲ್ಲಿ ಅಕ್ಷರವಿಲ್ಲ. ಹಾಜರಿ ಕರೆಯುವಾಗ ನೀವು ಹೇಳುವ ‘ಹಾಜರ್’ ಅವರಲ್ಲೂ ಇದೆ, ‘ಸಿದ್ಧ’ ಎಂಬರ್ಥದಲ್ಲಿ. ಅದರ ಕೊನೆಯ ಸ್ವರ ಇದೇ ಚುಕ್ಕಿ ಇಲ್ಲದ ‘ಐ’.

ಚುಕ್ಕಿ ಅಲಂಕಾರಕ್ಕಲ್ಲ. ಐ, ಎಲ್, ಐ, ಕೆ ಎಂದು ಚುಕ್ಕಿ ಇಲ್ಲದೆ ಬರೆದರೆ ‘ಉಗುರುಬೆಚ್ಚಗೆ’; ಎರಡೂ ಚುಕ್ಕಿ ಇಟ್ಟರೆ ಮೂಳೆಯೊಳಗಿನ ಮಜ್ಜೆ! ದೊಡ್ಡಕ್ಷರದಲ್ಲೂ ಚುಕ್ಕಿ ಬಿಡುವಂತಿಲ್ಲ. ಇಂಗ್ಲಿಷ್ ರೂಢಿಗೆ ಹೊಂದಿಸಿದ ಕಂಪ್ಯೂಟರ್ ಪ್ರೋಗ್ರಾಂಗಳು ಇಲ್ಲಿ ಎಡವಿದ್ದುಂಟು.

ತಲೆಯ ಮೇಲೆ ಬಟ್ಟಲಿನಂಥ ಗುರುತು ಹೊತ್ತ ‘ಜಿ’ಯದು ಇನ್ನೊಂದು ಬಗೆ. ಪದದ ಮೊದಲಿಗೆ ಬರುವುದೇ ಇಲ್ಲ. ಬಂದಲ್ಲಿ ತಾನು ಸುಮ್ಮನಿದ್ದು ಹಿಂದಿನ ಸ್ವರವನ್ನು ಎಳೆಯುತ್ತದೆ. ನಮ್ಮ ಪತ್ರಿಕೆಗಳು ‘ಎರ್ಡೋಗನ್’ ಎಂದು ಬರೆಯುವ, 2014ರಲ್ಲಿ ಅಲ್ಲಿನ ಅಧ್ಯಕ್ಷರಾದವರ ಹೆಸರು ಅವರ ಊರಲ್ಲಿ ‘ಎರ್ದೊಆನ್’.

ಕ್ಯೂ, ಡಬ್ಲ್ಯು, ಎಕ್ಸ್ ಈ 29ರಲ್ಲಿ ಸೇರಲಿಲ್ಲ. ಟರ್ಕಿ ಭಾಷೆಗೆ ಅವು ಬೇಡ. ಆದರೆ ಅದೇ ದೇಶದ ಕುರ್ದರ ಭಾಷೆಗೆ ಬೇಕು. ವಸಂತದ ಹೊಸವರ್ಷದ ಹಬ್ಬವನ್ನು ಟರ್ಕರು ‘ವಿ’ ಹಾಕಿ ಬರೆದರೆ ಕುರ್ದರು ‘ಡಬ್ಲ್ಯು’ ಹಾಕಿ ಬರೆಯುತ್ತಾರೆ. ಆ ಮೂರು ಅಕ್ಷರಗಳಿರುವ ಹೆಸರನ್ನು ಮಗುವಿಗಿಟ್ಟ ತಂದೆತಾಯಿಗಳಿಗೆ ಕಚೇರಿಯಲ್ಲಿ ನೋಂದಣಿ ಸಿಗುತ್ತಿರಲಿಲ್ಲ. ನಿರ್ಬಂಧ ತೆಗೆಯುವುದಾಗಿ ಸರ್ಕಾರ ಘೋಷಿಸಿದ್ದು 2013ರಲ್ಲಿ. ಆಗ ಅಕ್ಷರಗಳ ಕಾನೂನಿಗೆ 85 ವರ್ಷ.