ಹೆಸರು ಒಂದೇ, ಸಲಕರಣೆ ಬೇರೆ ಬೇರೆ

ವಿಕಿಪೀಡಿಯ ಎಂದರೆ ಒಂದು ತಾಣ ಎಂದು ನಾವು ತಿಳಿದಿರುತ್ತೇವೆ. ನಿಜದಲ್ಲಿ ಅದು ಒಂದು ಕೇರಿ. ಕನ್ನಡ ವಿಕಿಪೀಡಿಯ, ಕನ್ನಡ ವಿಕಿಸೋರ್ಸ್, ವಿಕ್ಷನರಿ, 2016ರಲ್ಲಿ ಬಾಗಿಲು ತೆರೆದ ತುಳು ವಿಕಿಪೀಡಿಯ, ಚಿತ್ರಗಳನ್ನಿಡುವ ಕಾಮನ್ಸ್, ಹೀಗೆ ನೂರಾರು ಮನೆ. ಇಷ್ಟೂ ಮನೆಗಳಿಗೆ ಇವತ್ತು ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಸಾಕು. ಒಳ್ಳೆಯದೇ. ನನ್ನ ತಕರಾರು ಇರುವುದು ಕೆಲಸ ಅಲ್ಲಿಗೇ ನಿಂತುಹೋದದ್ದರ ಬಗ್ಗೆ. ಹೆಸರನ್ನು ಒಂದು ಮಾಡಿದವರು ಸಲಕರಣೆಯನ್ನು ಒಂದು ಮಾಡಲಿಲ್ಲ. ಅದರ ದಂಡ ಕಟ್ಟುತ್ತಿರುವುದು ಕನ್ನಡದಂಥ ಭಾಷೆಗಳು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಪ್ರತಿ ತಾಣದಲ್ಲೂ ಬೇರೆ ನೋಂದಣಿ. 2008ರಲ್ಲಿ ಏಕೀಕೃತ ಖಾತೆ ಬಂತು, 2015ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಅದೇ ಆಯಿತು. ಒಂದೇ ಹೆಸರನ್ನು ಬೇರೆ ಬೇರೆ ವಿಕಿಗಳಲ್ಲಿ ಬೇರೆ ಬೇರೆ ಜನ ಇಟ್ಟುಕೊಂಡಿದ್ದರೆ ಒಬ್ಬರಿಗೆ ಹೆಸರು ಉಳಿಯಿತು. ಉಳಿದವರ ಹೆಸರಿನ ಹಿಂದೆ ಒಂದು ಅಲೆಗೆರೆ, ಅದರ ಹಿಂದೆ ಅವರ ವಿಕಿಯ ಸಂಕೇತ. ಕನ್ನಡದವರಾದರೆ ‘ಕೆಎನ್‌ವಿಕಿ’. ಮನೆಗೆ ಬಂದ ಸೊಸೆಯ ಹೆಸರು ಬದಲಿಸಿದ ಹಾಗೆ. ಏಕತೆಗಾಗಿ ಜನರ ಹೆಸರನ್ನೇ ಬದಲಿಸುವ ಧೈರ್ಯ ಇದ್ದ ವ್ಯವಸ್ಥೆ ಇದು ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ಹೊಸಕೆರೆಹಳ್ಳಿಯ ಕಡೆಗೆ ಬನ್ನಿ. ವರ್ತುಲ ರಸ್ತೆಯ ಆಸುಪಾಸು ಕಾಲೇಜು, ಅದರ ಸುತ್ತ ಪಿಜಿಗಳು, ಕೋಣೆಗೆ ಮೂವರು, ಇಡೀ ಕಟ್ಟಡಕ್ಕೆ ಒಂದು ವೈಫೈ. ಇಂಥ ಕಡೆ ಒಬ್ಬ ಕನ್ನಡ ಮೇಷ್ಟ್ರು ಲ್ಯಾಬಿನಲ್ಲಿ ನಲವತ್ತು ಹುಡುಗ ಹುಡುಗಿಯರನ್ನು ಕೂರಿಸಿ, ‘ಒಂದೊಂದು ಖಾತೆ ತೆರೆದು ನಿಮ್ಮೂರಿನ ಬಗ್ಗೆ ನಾಲ್ಕು ಸಾಲು ಬರೆಯಿರಿ’ ಎಂದರೆ ಏನಾಗುತ್ತದೆ? ಒಂದು ಐಪಿ ವಿಳಾಸದಿಂದ ದಿನಕ್ಕೆ ಆರು ಖಾತೆ, ಅಷ್ಟೇ. ಏಳನೆಯವಳಿಗೆ ಬಾಗಿಲು ಮುಚ್ಚಿರುತ್ತದೆ. ರಾಶಿಗಟ್ಟಲೆ ಖಾತೆ ತೆರೆದು ಹಾಳುಗೆಡಹುವವರನ್ನು ತಡೆಯಲು ಈ ನಿಯಮ, ಒಪ್ಪೋಣ. ಆದರೆ ಆರು ಎಂಬ ಲೆಕ್ಕ ಒಂದು ವಿಳಾಸಕ್ಕೆ ಒಂದು ಮನೆ ಎಂದು ನಂಬಿದವರ ಲೆಕ್ಕ. ನಮ್ಮ ಲ್ಯಾಬಿನ ನಲವತ್ತು ಕಂಪ್ಯೂಟರು ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. ಫೋನಿಗೆ ಹೋದರೂ ಬಿಡುಗಡೆ ಖಾತ್ರಿಯಿಲ್ಲ, ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ದೊಡ್ಡ ಜಾತ್ರೆಯನ್ನೇ ಕೂರಿಸಿರುತ್ತವೆ. ವಿನಾಯಿತಿಗೆ ದಾರಿ ಇದೆ. ಮಿತಿ ದಾಟುವ ಹಕ್ಕಿರುವ ಸಂಪಾದಕರೊಬ್ಬರನ್ನು ಹುಡುಕಿ ಕರೆತರಬೇಕು. ಇಲ್ಲವೇ ಫ್ಯಾಬ್ರಿಕೇಟರ್ ಎಂಬ ತಾಂತ್ರಿಕ ತಾಣದಲ್ಲಿ ಐಪಿ ವಿಳಾಸ, ದಿನ, ಹೊತ್ತು, ತಲೆಲೆಕ್ಕ ಎಲ್ಲ ಬರೆದು ಸಾಕಷ್ಟು ಮುಂಚೆಯೇ ಕೋರಬೇಕು. ಅಲ್ಲಿನ ವ್ಯವಹಾರವೆಲ್ಲ ಇಂಗ್ಲಿಷಿನದು. ಕನ್ನಡದಲ್ಲಿ ಬರೆಯುವುದನ್ನು ಕಲಿಸಲು ಹೊರಟ ಮೇಷ್ಟ್ರು ಮೊದಲು ಈ ಅರ್ಜಿ ಬರೆಯಬೇಕು!

ಹೇಗೋ ಒಳಗೆ ಬಂದರು ಎನ್ನಿ. ಆ ಒಂದೇ ಹೆಸರಿನಲ್ಲಿ ಇಂಗ್ಲಿಷ್ ವಿಕಿಗೂ ಹೋಗಬಹುದು, ಕನ್ನಡಕ್ಕೂ ಬರಬಹುದು. ಆದರೆ ಎರಡೂ ಕಡೆ ಕೈಗೆ ಸಿಗುವ ಪರಿಕರಪಟ್ಟಿ ಒಂದೇ ಅಲ್ಲ. ವಿಕಿಯಲ್ಲಿ ಗುಂಡಿಗಳು ಎರಡು ಬಗೆ. ಕೆಲವು ತಂತ್ರಾಂಶದೊಳಗೇ ಇರುತ್ತವೆ. ಇನ್ನು ಕೆಲವು ಗ್ಯಾಜೆಟ್‌ಗಳು, ಅಂದರೆ ಆಯಾ ವಿಕಿಯ ಜನ ತಾವೇ ಬರೆದು ತಮ್ಮ ಮನೆಯಲ್ಲಷ್ಟೇ ನೇತುಹಾಕಿಕೊಂಡವು. ಹಾಳುಗೆಡಹಿದ್ದನ್ನು ಸರಿಪಡಿಸುವ, ಅಳಿಸಲು ಸೂಚಿಸುವ, ಎಚ್ಚರಿಕೆ ಕೊಡುವ ಟ್ವಿಂಕಲ್ ಅಂಥದ್ದು. ಇಂಗ್ಲಿಷಿನಲ್ಲಿ ಹುಟ್ಟಿದ ಗ್ಯಾಜೆಟ್ ಕನ್ನಡಕ್ಕೆ ಬೇಕೆಂದರೆ ಯಾರೋ ನಕಲು ಮಾಡಬೇಕು, ಅನುವಾದಿಸಬೇಕು, ಅದು ನೆಚ್ಚಿಕೊಂಡ ಟೆಂಪ್ಲೇಟುಗಳನ್ನೂ ಹೊತ್ತು ತರಬೇಕು. ಅಲ್ಲಿ ಮೂಲ ಬದಲಾದರೆ ಇಲ್ಲಿನ ನಕಲು ಹಳತಾಗಿ ಕೆಡುತ್ತದೆ. ರಿಪೇರಿಗೆ ಕೈಹಾಕಲು 2018ರಿಂದ ಪ್ರತ್ಯೇಕ ಅಧಿಕಾರ ಬೇಕು. ಓದುಗರೆಲ್ಲರ ಬ್ರೌಸರಿನಲ್ಲಿ ಓಡುವ ಕೋಡ್ ಅದು, ಭದ್ರತೆಯ ಕಾಳಜಿ ಸರಿಯೇ. ಆದರೆ ಸಣ್ಣ ವಿಕಿಯಲ್ಲಿ ಆ ಅಧಿಕಾರ ಮತ್ತು ಆ ವಿದ್ಯೆ ಎರಡೂ ಇರುವವರು ಎಷ್ಟು ಮಂದಿ ಸಿಕ್ಕಾರು?

ಗುಂಡಿ ತಂತ್ರಾಂಶದೊಳಗೇ ಇದ್ದರೆ ಕತೆ ಬೇರೆ. 2013ರಲ್ಲಿ ಭಾಷೆ ಆಯುವ ಸಲಕರಣೆಯನ್ನು ಎಲ್ಲ ವಿಕಿಗಳಿಗೂ ಹಾಕಿದರು. ಕನ್ನಡ ಟೈಪಿಂಗು ಅದರ ಜೊತೆಗೇ ಬಂತು. ಲಿಪ್ಯಂತರಣ ಬೇಕೆ, ಇನ್‌ಸ್ಕ್ರಿಪ್ಟ್ ಬೇಕೆ, ಕಗಪ ವಿನ್ಯಾಸ ಬೇಕೆ, ಆರಿಸಿಕೊಳ್ಳಬಹುದು. ಅದೇ ಕೀಲಿಗಳಿಂದ ತುಳು ವಿಕಿಯಲ್ಲೂ ಬರೆಯಬಹುದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ವಿಕಿಸೋರ್ಸ್‌ನದು. ಹಳೆಯ ಪುಸ್ತಕದ ಸ್ಕ್ಯಾನ್ ಮಾಡಿದ ಪುಟವನ್ನು ಪಠ್ಯವಾಗಿಸುವ ಗುಂಡಿಗಾಗಿ ಹಿಂದೆ ಒಂದೊಂದು ಭಾಷೆಯವರೂ ಸ್ಕ್ರಿಪ್ಟು ಹುಡುಕಿಕೊಂಡು ಅಲೆಯುತ್ತಿದ್ದರು. ಅದನ್ನು ಪರಿಕರಪಟ್ಟಿಯೊಳಕ್ಕೇ ಸೇರಿಸಿದ ಮೇಲೆ ಅದು ಎಲ್ಲ ವಿಕಿಸೋರ್ಸ್‌ಗಳಿಗೂ ಸಿಕ್ಕಿತು. ಕನ್ನಡ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

ಎಲ್ಲವನ್ನೂ ಕೇಂದ್ರಕ್ಕೆ ಕೊಟ್ಟರೆ ಕೇಂದ್ರ ದೊಣ್ಣೆ ಹಿಡಿಯುತ್ತದೆ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. 2014ರ ಆಗಸ್ಟಿನಲ್ಲಿ ಜರ್ಮನ್ ವಿಕಿಪೀಡಿಯದವರು ತಮಗೆ ಒಗ್ಗದ ಚಿತ್ರವೀಕ್ಷಕವನ್ನು ನಿಲ್ಲಿಸಲು ಹೋದಾಗ, ಅಲ್ಲಿನ ನಿರ್ವಾಹಕರೂ ಮುಟ್ಟಲಾಗದಂಥ ಬೀಗವೊಂದನ್ನು ವಿಕಿಮೀಡಿಯ ಫೌಂಡೇಶನ್ ಜಡಿಯಿತು. ಅದನ್ನು ತೆಗೆಯಲು ಮರುವರ್ಷದ ನವೆಂಬರ್ ಬರಬೇಕಾಯಿತು. ಆದರೆ ನಾನು ಕೇಳುತ್ತಿರುವುದು ಹೇರಿಕೆಯನ್ನಲ್ಲ, ಉಗ್ರಾಣವನ್ನು. ಗ್ಯಾಜೆಟ್ ಒಂದೇ ಕಡೆ ಇರಲಿ, ಅದರ ಕನ್ನಡ ಮಾತುಗಳನ್ನು ಕನ್ನಡದವರು ಅಲ್ಲೇ ತುಂಬಲಿ, ಹಚ್ಚುವುದೋ ಆರಿಸುವುದೋ ಆಯಾ ವಿಕಿ ತೀರ್ಮಾನಿಸಲಿ. ಜರ್ಮನ್ನರಂತೆ ಬೇಡವೆನ್ನಲು ಮೊದಲು ನಮ್ಮ ಬಳಿ ಇರಬೇಕಲ್ಲ!

ಇದು ನನ್ನ ಹೊಸ ಶೋಧವೇನೂ ಅಲ್ಲ. ವಿಕಿಮೀಡಿಯ 2015ರ ಕೊನೆಯಲ್ಲಿ ಸಂಪಾದಕರಿಗೆ ಏನು ಬೇಕು ಎಂದು ಮತ ಕೇಳಿದಾಗ ಮೊದಲ ಹತ್ತರಲ್ಲಿ ಬಂದ ಮೂರು ಬೇಡಿಕೆಗಳು ಇಂಥವೇ: ಟೆಂಪ್ಲೇಟು, ಗ್ಯಾಜೆಟ್‌ಗಳಿಗೆ ಒಂದೇ ಉಗ್ರಾಣ, ಎಲ್ಲ ವಿಕಿಗೂ ಸೇರಿ ಒಂದು ವೀಕ್ಷಣಾಪಟ್ಟಿ, ಎಲ್ಲ ವಿಕಿಗೂ ಸೇರಿ ಒಂದು ಚರ್ಚಾಪುಟ. ಹೆಸರುಗಳನ್ನು ಒಂದುಗೂಡಿಸಿದ ವರ್ಷವೇ ಅದು. ಬೇರೆ ವಿಕಿಯಲ್ಲಿ ನಮ್ಮನ್ನು ಯಾರಾದರೂ ಕರೆದರೆ ಇಲ್ಲಿ ಗಂಟೆ ಬಾರಿಸುವ ವ್ಯವಸ್ಥೆ 2016ರಲ್ಲಿ ಬಂತು, ಆಯ್ಕೆಗಳನ್ನು ಒಮ್ಮೆಗೇ ಎಲ್ಲೆಡೆ ಹೊಂದಿಸುವ ಅನುಕೂಲ 2018ರಲ್ಲಿ. ಉಗ್ರಾಣದ ಮಾತು ಮಾತ್ರ ಪಟ್ಟಿಯಿಂದ ಪಟ್ಟಿಗೆ ಅಲೆಯುತ್ತಿದೆ. ಅಲ್ಲಿಯವರೆಗೆ ಕನ್ನಡ ವಿಕಿಗೊಂದು ಹೊಸ ಗುಂಡಿ ಬೇಕಾದರೆ ಯಾರೋ ಒಬ್ಬರು ರಾತ್ರಿ ಕೂತು ಇಂಗ್ಲಿಷಿನಿಂದ ನಕಲು ಮಾಡಬೇಕು, ಅಧಿಕಾರ ಇರುವವರು ಅದನ್ನು ಏರಿಸುವವರೆಗೆ ಕಾಯಬೇಕು. ಏರಿದ ಮೇಲೆ ಅದು ಕೆಟ್ಟರೆ ಮತ್ತೆ ಅದೇ ಒಬ್ಬರು.